ಚಪ್ಪಟೆ ತಳ, ಗುಂಡು ತಳ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮುಂಬೈ ಹತ್ತಿರದ ಮಹಾಪೆಯ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಷ್ಟು ವರ್ಷ ಈ ಕೋಪ ಇಟ್ಟುಕೊಂಡೇ ಅನ್ನ ತಿಂದಿದ್ದೇನೆ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ತುಂಡನ್ನು ಎತ್ತಿ ಗುಜರಿಗೆ ಎಸೆಯುವವನು ನಾನು. ಅಲ್ಲಿ ಅದು ನಡೆಯುತ್ತದೆ, ಕಬ್ಬಿಣಕ್ಕೆ ಬೇಜಾರಾಗುವುದಿಲ್ಲವಲ್ಲ.

ಇರುವುದು ಡೊಂಬಿವಲಿಯಲ್ಲಿ, ಒಂದು ರೂಮು, ಒಂದು ಕಿಚನ್, ಒಬ್ಬನೇ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರ ಮೇಲೆಲ್ಲ ರೇಗಿ ರೇಗಿ ಈಗ ಕೇಳುವವರೂ ಇಲ್ಲ. ಟ್ರೇನಿನಲ್ಲಿ ಹಿಂದಿ, ಕೆಲಸದಲ್ಲಿ ಮರಾಠಿ. ಬಾಯಿಗೆ ಕನ್ನಡ ಬರುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಮಾತ್ರ, ಖಾಡಿಯ ದಂಡೆಯಲ್ಲಿ. ಸಮುದ್ರದ ನೀರು ದಿನಕ್ಕೆರಡು ಸಲ ಒಳನುಗ್ಗಿ ಇಳಿದುಹೋಗುವ ಆ ಕೆಸರು ಹಿನ್ನೀರಿಗೆ ಇಲ್ಲಿ ಖಾಡಿ ಎನ್ನುತ್ತಾರೆ. ಅಲ್ಲಿ ನಾಲ್ಕು ವರ್ಷ ನನ್ನ ಪಕ್ಕ ಗಾಳ ಹಾಕಿಕೊಂಡು ಕೂತವರು ಒಬ್ಬರೇ. ವಿಜಯಪುರದ ಕಡೆಯವರು, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು. ಅವರು ನನ್ನನ್ನು ‘ಸಾಹೇಬ್ರ’ ಅನ್ನುತ್ತಿದ್ದರು, ನಾನು ಅವರನ್ನು ‘ಮಾರಾಯ್ರೆ’ ಅನ್ನುತ್ತಿದ್ದೆ. ಹೆಸರು ಇಬ್ಬರೂ ಕೇಳಲಿಲ್ಲ, ನಂಬರೂ ಕೇಳಲಿಲ್ಲ. ಈ ಕಡೆ ಹಾಗೆಯೇ. ಹತ್ತು ವರ್ಷ ಒಂದೇ ಟ್ರೇನಿನ ಡಬ್ಬಿಯಲ್ಲಿ ಎದುರುಬದುರು ನಿಂತವರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಇಳಿಯುವ ಸ್ಟೇಷನ್ ಗೊತ್ತಿರುತ್ತದೆ.

ನಮ್ಮ ಮಾತೆಲ್ಲ ಸೀಸದ ಗುಂಡಿನದು. ಗಾಳದ ದಾರ ತಳಕ್ಕಿಳಿದು ನಿಲ್ಲಬೇಕಾದರೆ ತುದಿಗೆ ಸೀಸ ಕಟ್ಟಬೇಕು. ಅಂಗಡಿಯ ಗುಂಡು ನಮ್ಮಿಬ್ಬರಿಗೂ ಸೇರದು. ಪಂಕ್ಚರ್ ಅಂಗಡಿಯವರು ಕಾರಿನ ಗಾಲಿಯಿಂದ ಕಿತ್ತು ಬಿಸಾಡಿದ, ತೂಕ ಸರಿದೂಗಿಸುವ ಸೀಸದ ಚೂರುಗಳನ್ನು ತಂದು, ಮನೆಯಲ್ಲೇ ಕರಗಿಸಿ ಎರೆಯುತ್ತಿದ್ದೆವು. ನನ್ನ ಅಚ್ಚು ಅಲ್ಯುಮಿನಿಯಂನದು, ಲೇತಿನಲ್ಲಿ ನಾನೇ ಕಡೆದದ್ದು. ಅದರಲ್ಲಿ ಎರೆದ ಗುಂಡಿನ ತಳ ಚಪ್ಪಟೆ, ಗಾಜಿನ ಮೇಲಿಟ್ಟರೂ ಅಲ್ಲಾಡದು. ಅವರದು ಜೇಡಿಮಣ್ಣಿನ ಅಚ್ಚು. ಹಸಿ ಮಣ್ಣಿನಲ್ಲಿ ಹೆಬ್ಬೆರಳು ಒತ್ತುವುದು, ಒಲೆಯ ಪಕ್ಕ ಚೆನ್ನಾಗಿ ಒಣಗಿಸುವುದು, ಸೀಸ ಹೊಯ್ಯುವುದು. ಮುಗಿಯಿತು. ತಳ ಹೆಬ್ಬೆರಳಿನಂತೆಯೇ ಗುಂಡಗೆ. ಬೆಳಕಿಗೆ ಹಿಡಿದರೆ ಅವರ ಬೆರಳಿನ ಗೆರೆಗಳೂ ಅದರಲ್ಲಿ ಕಾಣುತ್ತಿದ್ದವು.

“ಎಂತ ಗುಂಡು ಮಾರಾಯ್ರೆ ಇದು! ಉರುಳಿ ಉರುಳಿ ಥಾಣೆ ಊರಿಗೇ ಹೋಗ್ತದೆ,” ಅನ್ನುತ್ತಿದ್ದೆ.

“ಹೋಗ್ಲಿ ಬಿಡ್ರಿ ಸಾಹೇಬ್ರ, ಮೀನ ಏನ್ ಒಂದ ಕಡೆ ಕುಂದರತಾವೇನು? ನಿಮ್ದು ಕೆಸರಾಗ ಕುಂತಿತಂದ್ರ ಏಳಂಗೇ ಇಲ್ಲ.”

ನಿಜ ಹೇಳಬೇಕೆಂದರೆ ಇಬ್ಬರದೂ ಸರಿ. ನೀರು ಜೋರಾಗಿ ಇಳಿಯುವಾಗ ನನ್ನದು ಹಾಕಿದಲ್ಲೇ ನಿಲ್ಲುತ್ತಿತ್ತು, ಅವರದು ಉರುಳುತ್ತಿತ್ತು. ನೀರಿನ ಸೆಳೆತ ನಿಂತಾಗ ಅವರದು ಸಲೀಸಾಗಿ ಮೇಲೆ ಬರುತ್ತಿತ್ತು, ನನ್ನದನ್ನು ಕೆಸರು ಹೀರಿ ಹಿಡಿದುಕೊಳ್ಳುತ್ತಿತ್ತು. ಅವರಿಗೆ ಹೇಳದೆ ತಳದಂಚು ಓರೆ ಮಾಡಿ ನೋಡಿದೆ, ತಳದೊಳಗೆ ಗುಳಿ ಕೊರೆದು ನೋಡಿದೆ. ಗುಳಿ ತಳದ್ದಂತೂ ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿತು. ದಾರ ಹರಿದು ನಾನು ಕೆಸರನ್ನು ಬೈದರೆ ಅವರು ಬೀಡಿ ಕಚ್ಚಿಕೊಂಡು, “ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಳಂತ,” ಎಂದು ನಗುತ್ತಿದ್ದರು. ವಾರವಿಡೀ ನಾನು ಕಾಯುತ್ತಿದ್ದದ್ದು ಆ ನಗುವಿಗೇ. ಆಗ ಅದು ಗೊತ್ತಾಗಲಿಲ್ಲ.

ಆ ಭಾನುವಾರ ಅವರು ನಗಲಿಲ್ಲ. ಎರಡು ಸಲ “ಸಾಹೇಬ್ರ, ಒಂದ್ ಮಾತು…” ಎಂದು ಶುರುಮಾಡಿದರು. “ತಡೀರಿ ಮಾರಾಯ್ರೆ, ಕಚ್ತಾ ಉಂಟು,” ಎಂದೆ. ದೊಡ್ಡ ಮೀನೇ ಕಚ್ಚಿತ್ತು. ಎಳೆಯುತ್ತಿದ್ದಂತೆ ಅವರ ಗುಂಡು ಉರುಳಿ ಬಂದು ನನ್ನ ದಾರಕ್ಕೆ ಸುತ್ತಿಕೊಂಡಿತು, ಮೀನು ತಪ್ಪಿಸಿಕೊಂಡಿತು. ನನ್ನ ತಲೆ ಕೆಟ್ಟಿತು. ದಂಡೆಯಲ್ಲಿದ್ದವರಿಗೆಲ್ಲ ತಿಳಿಯಲಿ ಎಂದು, ಥೂ, ಹಿಂದಿಯಲ್ಲೇ ಕೂಗಿದೆ: “ತೂನೇ ಗಾಂವ್ ಮೇ ಕಭಿ ಪಾನಿ ದೇಖಾ ಹೈ?” ಊರಲ್ಲಿ ಯಾವತ್ತಾದರೂ ನೀರು ಕಂಡಿದ್ದೀಯಾ ಎಂದು! ನಾಲ್ಕು ವರ್ಷ ಬಹುವಚನದಲ್ಲಿ ಮಾತಾಡಿಸಿದ ಮನುಷ್ಯನಿಗೆ. ಸುತ್ತಲಿನವರು ನಕ್ಕರು. ಅವರು ತಮ್ಮ ದಾರವನ್ನು ಹಲ್ಲಿನಿಂದ ಕಡಿದು, ಗುಂಡನ್ನು ನನ್ನ ಗಾಳದಲ್ಲೇ ಬಿಟ್ಟು, “ಬರ್ತೀನ್ರಿ,” ಎಂದು ಹೊರಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಕೋಪ ಇಳಿದ ಮೇಲೆ ಬರುತ್ತಾರೆ ಅಂದುಕೊಂಡೆ, ಎಲ್ಲರೂ ನನ್ನ ಹಾಗೆಯೇ ಎಂದು ತಿಳಿದು. ಮೂರನೆಯ ಭಾನುವಾರ ಸಂಜೆ ಹಾಲು ತರಲು ಹೋದಾಗ ಗಂಟಲಿನಿಂದ ಸ್ವರ ಬರಲಿಲ್ಲ. ಶುಕ್ರವಾರ ಕಾರ್ಖಾನೆ ಬಿಟ್ಟಾಗಿನಿಂದ ನಾನು ಒಂದು ಮಾತನ್ನೂ ಆಡಿರಲಿಲ್ಲ. ಹೆದರಿಕೆಯಾಯಿತು, ನಿಜವಾದ ಹೆದರಿಕೆ.

ಮರುದಿನ ರಜೆ ಹಾಕಿ ಕಲ್ಯಾಣಕ್ಕೆ ಹೋದೆ. ಮಾರ್ಕೆಟ್ಟಿನಲ್ಲಿ ಕೇಳಿದವರೆಲ್ಲರದೂ ಒಂದೇ ಪ್ರಶ್ನೆ: “ನಾಮ್ ಕ್ಯಾ ಹೈ?” ಹೆಸರು ಗೊತ್ತಿಲ್ಲ. ಎತ್ತರ ಇಷ್ಟು, ಬೀಡಿ ಸೇದುತ್ತಾರೆ, ಮೀನು ಹಿಡಿಯುತ್ತಾರೆ. ಜನ ನನ್ನನ್ನೇ ವಿಚಿತ್ರವಾಗಿ ನೋಡಿದರು. ಕೊನೆಗೆ ಜೇಬಿನಿಂದ ಆ ಗುಂಡನ್ನು ತೆಗೆದು ತೋರಿಸತೊಡಗಿದೆ. ಈರುಳ್ಳಿ ಆರಿಸುತ್ತಿದ್ದ ಕಲಬುರಗಿ ಕಡೆಯ ಹೆಂಗಸೊಬ್ಬಳು ಅದನ್ನು ಕೈಗೆ ತೆಗೆದುಕೊಂಡಳು. ಅವಳ ತಲೆಯ ಮೇಲೆ ನೆರಳಿಗೆ ಕಟ್ಟಿದ್ದ ತಾಡಪತ್ರಿ ಹಾರದಂತೆ ಅಂಚಿಗೆ ಅಂಥವೇ ನಾಲ್ಕು ಗುಂಡು ಕಟ್ಟಿದ್ದವು.

“ಇದು ನಮ್ ಕಾಕಾ ಮಾಡಿದ್ದು. ಖಾಡಿ ಸಾಹೇಬ್ರು ನೀವೇ ಏನ್ರಿ? ಸ್ವಂಟ ಹೋಯ್ತಂತ ಊರಿಗಿ ಹೋಗ್ಯಾರ, ಇನ್ ಬರಾಂಗಿಲ್ಲ. ಹೋಗೂ ಮುಂಚಿ ಐತವಾರ ದಿನ, ಸಾಹೇಬ್ರಿಗಿ ಹೇಳಿ ನಂಬರ್ ಕೊಟ್ ಬರ್ತೀನಂತ ಹೋಗಿದ್ರು. ಬಂದ್ಮ್ಯಾಲ ಯಾರ ಜೋಡಿನೂ ಮಾತೇ ಆಡ್ಲಿಲ್ಲ.”

ಅವಳು ಕೊಟ್ಟ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿದೆ.

“ಯಾರ್ರೀ?”

ಏನೆಂದು ಹೇಳಲಿ? ನನ್ನ ಹೆಸರೂ ಅವರಿಗೆ ಗೊತ್ತಿಲ್ಲ. “ನಾನು, ಚಪ್ಪಟೆ ಗುಂಡಿನವ,” ಎಂದೆ. “ತಪ್ಪಾಯ್ತು ಮಾರಾಯ್ರೆ. ಹಾಗೆ ಹೇಳಬಾರದಿತ್ತು.”

“ಅಯ್ಯ, ಬಿಡ್ರಿ ಸಾಹೇಬ್ರ. ನಮ್ಮೂರಾಗ ನೀರಿಲ್ಲ ಅನ್ನೂದು ಖರೇನ ಐತಿ.” ಮತ್ತೆ ಅವರೇ ಕೇಳಿದರು, “ನನ್ ಗುಂಡು ಐತೇನ್ರಿ ನಿಮ್ ಕಡೆ?”

“ಉಂಟು.”

“ಇಟ್ಕೊಂಡು ಏನ್ ಮಾಡ್ತೀರಿ? ನೀರಿಗಿ ಹಾಕ್ರಿ.”

ಹೆಸರು ಹೇಳಿಕೊಂಡೆವು. ಆಮೇಲೂ ಅವರು ಸಾಹೇಬ್ರ ಅಂತಲೇ ಕರೆದರು.

ಭಾನುವಾರ ಆ ಗುಂಡನ್ನು ದಾರಕ್ಕೆ ಕಟ್ಟಿದೆ. ಎಸೆಯಲು ಕೈ ಏಳಲಿಲ್ಲ. ದಾರ ಹರಿದರೆ ಆ ಬೆರಳಿನ ಗೆರೆ ನನಗೆ ಇನ್ನೆಲ್ಲಿ ಸಿಗಬೇಕು? ಬಿಚ್ಚಿ ಜೇಬಿಗೆ ಹಾಕಿಕೊಂಡು ನನ್ನ ಚಪ್ಪಟೆಯದ್ದನ್ನೇ ಕಟ್ಟಿ ಬಿಟ್ಟೆ. ಅದು ಕೆಸರಿನಲ್ಲಿ ಕೂತಿತು. ಎಳೆದೆ, ಏಳಲಿಲ್ಲ, ದಾರ ಹರಿಯಿತು. ಬೈಯಲು ಬಾಯಿ ತೆರೆದು ಪಕ್ಕಕ್ಕೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

“ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಳಂತ,” ಎಂದು ನಾನೇ ಗಟ್ಟಿಯಾಗಿ ಹೇಳಿಕೊಂಡೆ.