ನೆರಳು ನೋಡಿ ನಿಲ್ಲುತ್ತಿದ್ದ ಓಬಣ್ಣ

ಓಬಣ್ಣ ಎಲ್ಲಿ ನಿಂತರೂ ಮೊದಲು ತನ್ನ ನೆರಳು ಎಲ್ಲಿ ಬಿದ್ದಿದೆ ಎಂದು ನೋಡಿಕೊಳ್ಳುತ್ತಿದ್ದ. ರೇಷನ್ ಅಂಗಡಿಯ ಸಾಲಿನಲ್ಲಿ, ಹಾಲಿನ ಡೇರಿಯ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲಾ ಕಡೆ ಅದೇ ಅಭ್ಯಾಸ. ನೆರಳು ಇನ್ನೊಬ್ಬರ ಕಾಲ ಮುಂದೆ ಬಿದ್ದಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಸಂಜೆ ನೆರಳು ಉದ್ದವಾದಾಗ ಪಾಪ, ಸರಿದು ಸರಿದು ಸಾಲಿನಿಂದಲೇ ಆಚೆ ಹೋಗಿ ನಿಲ್ಲುತ್ತಿದ್ದ.

"ಏನಪ್ಪ ಓಬಣ್ಣ, ನಿನ್ನ ನೆರಳೇನು ನಮ್ಮನ್ನ ಕಚ್ತತಾ?" ಎಂದು ಯಾರಾದರೂ ಕೆಣಕಿದರೆ, "ಕಚ್ಚಲ್ಲ ಬಿಡ್ರಿ. ಆದ್ರೂ ನಿಮ್ ದಾರಿಯಾಗೆ ಅದಕ್ಕೇನು ಕೆಲ್ಸ?" ಎನ್ನುತ್ತಿದ್ದ.

ಮಕ್ಕಳೇ, ಈ ಸಲ ರಜಕ್ಕೆ ಬಂದಾಗ ನೀವು ಬಾಗಿಲ ಹಿಂದಿದ್ದ ಕಬ್ಬಿಣದ ಕೋಲನ್ನು ತೆಗೆದು, "ಅಜ್ಜೀ, ಇದು ನಾಯಿ ಓಡಿಸೋದಾ?" ಎಂದು ಕೇಳಿದಿರಿ. ನಾನು ನಕ್ಕು ಸುಮ್ಮನಾದೆ. ಎದುರಿಗೆ ಕೂತು ಹೇಳುವುದು ನನಗೆ ಮೊದಲಿಂದಲೂ ಬರುವುದಿಲ್ಲ. ಬರೆಯುವುದಾದರೆ ಹೇಗೋ ಬರೆದೇನು, ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಮೇಷ್ಟ್ರು ನನ್ನ ಅಕ್ಷರವನ್ನೇ ಹೊಗಳುತ್ತಿದ್ದರು. ಅದು ನಾಯಿ ಓಡಿಸುವ ಕೋಲಲ್ಲ. ಗಾಲ್ಫ್ ಆಡುವ ಕೋಲು. ಕೊಟ್ಟವನು ಓಬಣ್ಣ. ಆಡಿದವಳು ನಿಮ್ಮಜ್ಜಿ.

ಓಬಣ್ಣ ನಮ್ಮೂರಿನವನೇ. ಹುಡುಗನಿದ್ದಾಗಲೇ ಬೆಂಗಳೂರಿಗೆ ಹೋಗಿ, ಅಲ್ಲಿನ ಒಂದು ಗಾಲ್ಫ್ ಮೈದಾನದಲ್ಲಿ ಆಡುವವರ ಕೋಲಿನ ಚೀಲ ಹೊರುವ ಕೆಲಸಕ್ಕೆ ಸೇರಿದ್ದ. ಹೊತ್ತು ಹೊತ್ತು ಆಟ ಕಲಿತ, ಆಮೇಲೆ ಚೀಲ ಕೊಟ್ಟವರಿಗೇ ಕಲಿಸುವ ಹಾಗಾದ. ಮಂಡಿ ನೋವು ಬಂದ ಮೇಲೆ ಊರಿಗೆ ವಾಪಸಾದಾಗ ಅವನ ಹತ್ತಿರ ಇದ್ದದ್ದು ಒಂದು ಟ್ರಂಕು, ಏಳು ಹಳೇ ಕೋಲು, ಒಂದು ಗೋಣಿಚೀಲದ ತುಂಬ ಬಿಳಿ ಚೆಂಡು. ಕೋಲಿನ ಹಿಡಿಗಳು ಸವೆದು ಹೋಗಿದ್ದವು. ಚಿತ್ರದುರ್ಗಕ್ಕೆ ಹೋಗಿ ಸೈಕಲ್ ಶಾಪಿನಲ್ಲಿ ಹ್ಯಾಂಡಲ್ಲಿನ ರಬ್ಬರು ಹಾಕಿಸಿಕೊಂಡು ಬಂದ.

ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು ಆಗ ನಮ್ಮೂರಿನಿಂದ ಬಹಳ ದೂರ ಹಿಂದೆ ಸರಿದಿತ್ತು. ನೀರು ಬಿಟ್ಟುಕೊಟ್ಟ ನೆಲದಲ್ಲಿ ಹುಲ್ಲು ಎದ್ದಿತ್ತು. ಆ ಹುಲ್ಲನ್ನು ನಮ್ಮ ಕುರಿಗಳು ಚಾಪೆಯ ಹಾಗೆ ಮೇಯ್ದಿಟ್ಟಿದ್ದವು. ಓಬಣ್ಣ ಬಂದು ನೋಡಿದವನೇ ಸೊಂಟಕ್ಕೆ ಕೈ ಕೊಟ್ಟು ನಿಂತುಬಿಟ್ಟ.

"ಅಲ್ಲಿ ಇಂಥಾ ಹುಲ್ಲು ಮಾಡಾಕೆ ಮಿಷನ್ನು, ಟ್ಯಾಂಕರ್ರು, ಹತ್ತಾಳು ಬೇಕು. ಇಲ್ಲಿ ಕುರಿ ಬಾಯಾಗೆ ಆಗೈತಲ್ಲ!"

ಎಣ್ಣೆಯ ಖಾಲಿ ಡಬ್ಬಿಗಳನ್ನು ನೆಲಮಟ್ಟಕ್ಕೆ ಹೂತು ಆರು ಕುಳಿ ಮಾಡಿದ. ಆಟ ಇಷ್ಟೇ: ದೂರದಿಂದ ಚೆಂಡು ಹೊಡೆಯುತ್ತ ಬಂದು, ಎಷ್ಟು ಕಡಿಮೆ ಹೊಡೆತಕ್ಕೆ ಆ ಡಬ್ಬಿಯೊಳಗೆ ಬೀಳಿಸುತ್ತೀರಿ ಎನ್ನುವುದು. ದೂರಕ್ಕೆ ಕಾಣಲು ಪ್ರತಿ ಕುಳಿಗೊಂದು ಬಾವುಟ ಬೇಕಿತ್ತು. ನನ್ನ ಪೆಟ್ಟಿಗೆಯಲ್ಲಿ ನಾನು ಉಡುವುದನ್ನು ಬಿಟ್ಟಿದ್ದ ಒಂದು ಕೆಂಪು ಸೀರೆ ಇತ್ತು. ಅದನ್ನು ಹರಿದು ಆರು ತುಂಡು ಮಾಡಿಕೊಟ್ಟೆ. ಆದರೆ ಅದು ಆಮೇಲಿನ ಮಾತು.

ಮೊದಲ ದಿನ ನಡೆದದ್ದು ಬೇರೆ. ನಾನು ಕುರಿ ಮೇಯಿಸುತ್ತಿದ್ದೆ. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ಮೊದಲೇ ಸಣ್ಣದಾಗಿದ್ದ ನನ್ನ ದನಿ ಇನ್ನೂ ಸಣ್ಣದಾಗಿತ್ತು. ಕುರಿಗಳನ್ನೂ ಬಾಯಲ್ಲಿ ಕೂಗದೆ ಕೋಲು ನೆಲಕ್ಕೆ ಕುಟ್ಟಿ ತಿರುಗಿಸುತ್ತಿದ್ದೆ. ಅಂಥ ಹೊತ್ತಿಗೆ ಒಂದು ಬಿಳಿ ಚೆಂಡು ಉರುಳಿಕೊಂಡು ಬಂದು ಒಂದು ಮರಿಯ ಕಾಲ ಹತ್ತಿರ ನಿಂತಿತು. ಮಂಡಿ ನೋವಿನ ಮನುಷ್ಯ, ಇಷ್ಟು ದೂರ ಯಾಕೆ ಬರಬೇಕು ಎಂದು ನಾನೇ ಅದನ್ನು ಎತ್ತಿಕೊಂಡು ಹೋಗಿ ಕುಳಿಯ ಪಕ್ಕದಲ್ಲೇ ಇಟ್ಟೆ. ಉಪಕಾರ ಮಾಡಿದೆ ಎಂದುಕೊಂಡಿದ್ದೆ.

ಓಬಣ್ಣ ತಲೆ ಮೇಲೆ ಕೈ ಹೊತ್ತುಕೊಂಡ. "ಅಯ್ಯೋ ತಂಗೀ, ಹಂಗೆಲ್ಲ ಎತ್ತಂಗಿಲ್ಲ! ಎಲ್ಲಿ ಬಿದ್ದೈತೋ ಅಲ್ಲಿಂದ್ಲೇ ಹೊಡೀಬೇಕು. ಕಲ್ಲಿನ ಸಂದಿಯಾಗೆ ಬೀಳ್ಲಿ, ಕುರಿ ಹಿಕ್ಕೆ ಪಕ್ಕ ಬೀಳ್ಲಿ, ಅಲ್ಲಿಂದ್ಲೇ."

ಚೆಂಡನ್ನು ತಗೊಂಡು ಹೋಗಿ ಆ ಮರಿಯ ಪಕ್ಕದಲ್ಲೇ ಇಟ್ಟು, ಮರಿ ತಾನಾಗಿ ಸರಿಯುವ ತನಕ ಕಾದು, ಅಲ್ಲಿಂದ ಹೊಡೆದ. ಚೆಂಡು ಕುಳಿಯ ಹತ್ತಿರಕ್ಕೂ ಹೋಗಲಿಲ್ಲ. ಆದರೂ ಅವನ ಮುಖದಲ್ಲಿ ಸಂತೋಷವಿತ್ತು. ನನಗೆ ಅದೇ ವಿಚಿತ್ರ ಎನಿಸಿತು. ಮಾರನೇ ದಿನ ಸ್ವಲ್ಪ ಹತ್ತಿರದಲ್ಲೇ ಕುರಿ ಬಿಟ್ಟೆ. ಅದರ ಮಾರನೇ ದಿನ ಅವನು ಏನೂ ಕೇಳದೆ ಒಂದು ಕೋಲು ನನ್ನ ಕೈಗೆ ಕೊಟ್ಟ.

ಸೂರ್ಯಕಾಂತಿ ಬಡಿದ ಕೈ ನನ್ನದು. ಎತ್ತಿ ಒಂದೇಟು ಹಾಕಿದೆ. ಚೆಂಡು ಅಲ್ಲೇ ಇತ್ತು, ಹುಲ್ಲಿನ ಹೆಂಟೆ ಹಾರಿ ಹೋಗಿ ಬಿತ್ತು.

"ಬಡೀಬ್ಯಾಡ, ತೂಗು," ಎಂದ ಓಬಣ್ಣ. "ತೊಟ್ಲು ತೂಗಿದಂಗೆ ಹೋಗಿ ಬರ್ಬೇಕು. ಮಗು ಮಲಗೈತೆ ಅನ್ಕಾ. ಈಗ ಮೊದ್ಲು ಆ ಹೆಂಟೆ ತಂದು ಇದ್ದಲ್ಲೇ ಇಟ್ಟು ತುಳಿ. ಕಿತ್ತೋರೇ ಮುಚ್ಚಿ ಹೋಗ್ಬೇಕು."

ಅವನ ಕಲಿಕೆ ಲೆಕ್ಕದ್ದು. ದಿನಕ್ಕೆ ಇಪ್ಪತ್ತು ಚೆಂಡು, ಹೆಚ್ಚಿಲ್ಲ. ನಾನು ಇನ್ನೊಂದು ಕೇಳಿದರೆ, "ಇಪ್ಪತ್ತೊಂದ್ನೇದು ಸಿಟ್ಟಿಗೆ ಹೊಡಿಯೋದು. ಸಿಟ್ಟು ಮನೇಲೇ ಸಿಗ್ತತೆ, ಇಲ್ಲಿಗ್ಯಾಕೆ ಬರ್ಬೇಕು?" ಎನ್ನುತ್ತಿದ್ದ. ಪ್ರತಿ ಚೆಂಡಿಗೂ ಅದು ಎಲ್ಲಿಗೆ ಹೋಗಬೇಕೆಂದು ಮೊದಲೇ ಹೇಳಬೇಕು: ಆ ಕಲ್ಲಿಗೆ, ಆ ಜಾಲಿ ಗಿಡಕ್ಕೆ. ಹೇಳದೆ ಹೊಡೆದದ್ದು ಚೆನ್ನಾಗಿ ಹೋದರೂ ಅವನು ಮೆಚ್ಚುತ್ತಿರಲಿಲ್ಲ. ಇಪ್ಪತ್ತರಲ್ಲಿ ಹತ್ತು ಕುಳಿಯ ಹತ್ತಿರದ ಸಣ್ಣ ಹೊಡೆತವೇ ಆಗಬೇಕು. "ದೂರದ್ದು ಎಲ್ರೂ ಕಲೀತಾರೆ, ನಾಲ್ಕು ಜನ ನೋಡ್ತಾರಲ್ಲ. ಕೆಡೋದು ಹತ್ರ ಬಂದ್ಮೇಲೆ." ನಾನು ಮನೆಯಲ್ಲಿ ಕೊಟ್ಟಿಗೆ ಗುಡಿಸಿ, ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ, ಅದರೊಳಕ್ಕೆ ಚೆಂಡು ಉರುಳಿಸುತ್ತಿದ್ದೆ. ಎಮ್ಮೆ ಮೆಲುಕು ಹಾಕುತ್ತ ನೋಡುತ್ತಿತ್ತು. ಅದಕ್ಕಿಂತ ಮರ್ಯಾದಸ್ಥ ಪ್ರೇಕ್ಷಕರು ಈ ಆಟಕ್ಕೆ ಸಿಗಲಾರರು ಎಂದಿದ್ದ ಓಬಣ್ಣ.

ಮರ್ಯಾದೆಯೇ ಅವನಿಗೆ ಅರ್ಧ ಆಟ. ಒಬ್ಬರು ಹೊಡೆಯುವಾಗ ಇನ್ನೊಬ್ಬರು ಅಲುಗಬಾರದು, ಕೆಮ್ಮಬಾರದು, ಅವರ ಚೆಂಡಿನ ದಾರಿಯಲ್ಲಿ ನೆರಳು ಬೀಳಿಸಬಾರದು. ಸುತ್ತ ಗದ್ದಲವಿದ್ದರೆ ಓಬಣ್ಣ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದ. ಅಂದರೆ ಎಲ್ಲರೂ ಸುಮ್ಮನಾಗಬೇಕು. ಇದು ಅವನ ಮೈಗೆ ಎಷ್ಟು ಹತ್ತಿತ್ತೆಂದರೆ, ಹೊಳಲ್ಕೆರೆಯಲ್ಲಿ ನಮ್ಮೂರ ಹುಡುಗಿಯ ಮದುವೆ, ಗಂಡು ತಾಳಿ ಎತ್ತಿಕೊಂಡಿದ್ದಾನೆ, ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎನ್ನುತ್ತಿದ್ದಾರೆ, ಮುಂದಿನ ಸಾಲಿನಲ್ಲಿದ್ದ ಓಬಣ್ಣ ಎದ್ದು ಎರಡೂ ಕೈ ಎತ್ತಿಬಿಟ್ಟ! ವಾಲಗದವರು ಏನೋ ಅಪಶಕುನ ಆಯಿತೆಂದು ನಿಲ್ಲಿಸಿಬಿಟ್ಟರು. ಛತ್ರಕ್ಕೆ ಛತ್ರವೇ ಗಪ್‌ಚಿಪ್. ಫ್ಯಾನ್ ತಿರುಗುವುದು ಕೇಳುತ್ತಿತ್ತು.

"ಲೇ ಓಬಣ್ಣ, ಇದು ಮದ್ವೆ ಕಣಲೇ!" ಎಂದು ಹೆಣ್ಣಿನ ಅಪ್ಪ ಕಿರುಚಿದ.

"ಹುಡುಗನ ಕೈ ನಡುಗ್ತಿದ್ವು ಕಣ್ರಿ. ಮೂರು ಗಂಟು ಹಾಕ್ಬೇಕು. ಅಂಥಾ ಹೊತ್ನಾಗೆ ಇಷ್ಟು ಗದ್ಲ ಮಾಡಿದ್ರೆ ಹೆಂಗೆ?" ಎಂದ ಓಬಣ್ಣ, ನಿಜವಾಗಿಯೂ ಅರ್ಥವಾಗದವನ ಹಾಗೆ.

ಸುಮ್ಮನಿರುವ ಮರ್ಯಾದೆ ನನಗೆ ಸುಲಭ. ಹುಟ್ಟಿದಾಗಿನಿಂದ ಅದನ್ನೇ ಕಲಿತವಳು. ಆದರೆ ಅದರ ಜೊತೆಗೇ ಇನ್ನೊಂದಿತ್ತು. ಚೆಂಡು ದಾರಿ ತಪ್ಪಿ ಜನರ ಕಡೆ ಹೋದರೆ ಹೊಡೆದವರೇ ಜೋರಾಗಿ ಕೂಗಬೇಕು. ಬೆಂಗಳೂರಿನಲ್ಲಿ ಅದಕ್ಕೆ ಏನೋ ಇಂಗ್ಲಿಷ್ ಮಾತಿದೆಯಂತೆ. "ಅದು ನಮ್ಮೂರೋರಿಗೂ ತಿಳಿಯಲ್ಲ, ಕುರಿಗೂ ತಿಳಿಯಲ್ಲ. ನಾವು 'ತಲೇ!' ಅನ್ನಾಣ," ಎಂದು ಓಬಣ್ಣ ತೀರ್ಮಾನಿಸಿದ. ಆ ಕೂಗು ಕೇಳಿದವರು ತಿರುಗಿ ನೋಡಬಾರದು, ತಲೆ ಮೇಲೆ ಕೈ ಇಟ್ಟು ಕುಕ್ಕರು ಕೂರಬೇಕು. ಅವನು ಕೂಗಿ ತೋರಿಸಿದರೆ ಆಚೆ ದಡದ ಕೊಕ್ಕರೆಗಳು ಏಳುತ್ತಿದ್ದವು. ನಾನು ಕೂಗಿದರೆ ಪಕ್ಕದ ಕುರಿಯೂ ಕಿವಿ ಎತ್ತುತ್ತಿರಲಿಲ್ಲ.

"ಕೂಗು ತಂಗಿ. ಬೇರೇರು ಹೊಡೆಯೋವಾಗ ಸುಮ್ನಿರೋದು ಮರ್ವಾದೆ. ನಿಂದು ತಪ್ಪಿದಾಗ ಕೂಗೋದೂ ಮರ್ವಾದೆನೇ."

ನಾಚಿಕೆಯಾಗುತ್ತದೆ ಎಂದೆ. ಹೆಂಗಸು, ಅದೂ ಗಂಡನಿಲ್ಲದವಳು, ಬಯಲಿನಲ್ಲಿ ನಿಂತು ಕೂಗುವುದೇ? ಅವನು ಒತ್ತಾಯ ಮಾಡಲಿಲ್ಲ.

ಅದರ ಫಲ ಒಂದು ದಿನ ಸಿಕ್ಕಿತು. ಪಂಚಾಯಿತಿ ಮೆಂಬರ್ ರುದ್ರಪ್ಪ ತೋಟದಿಂದ ಬಯಲು ಹಾದು ಬರುತ್ತಿದ್ದ. ನಾನು ಜಾಲಿ ಗಿಡದ ಹತ್ತಿರದಿಂದ ಹೊಡೆದ ಚೆಂಡು, ಅದುವರೆಗೆ ನಾನು ಹೊಡೆದದ್ದರಲ್ಲೇ ಚಂದದ ಹೊಡೆತ, ಮೇಲೆದ್ದು ಬಲಕ್ಕೆ ತಿರುಗಿ ನೆಟ್ಟಗೆ ಅವನ ಕಡೆಗೇ ಹೊರಟಿತು. ಬಾಯಿ ತೆರೆದೆ. ದನಿ ಬರಲಿಲ್ಲ. ಚೆಂಡು ಅವನ ಭುಜಕ್ಕೆ ಬಡಿಯಿತು.

"ಯಾವನ್ಲೇ ಅದು?" ಎಂದು ರುದ್ರಪ್ಪ ಭುಜ ಹಿಡಿದುಕೊಂಡು ಬಂದ.

ಓಬಣ್ಣ ನನ್ನ ಕೈಯಿಂದ ಕೋಲು ತಗೊಂಡು ಮುಂದೆ ಹೋದ. "ನಂದು ಕಣ್ರಿ ಮೆಂಬರ್ರೇ. ತಪ್ಪಾತು."

ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಈ ಆಟದಲ್ಲಿ ಅಂಪೈರ್ ಇಲ್ಲ, ಯಾರೂ ನೋಡದಿದ್ದರೂ ನಮ್ಮ ತಪ್ಪು ನಾವೇ ಹೇಳಬೇಕು ಎಂದು ಕಲಿಸಿದವನೇ ಅವನು.

ಮಾರನೇ ಬೆಳಿಗ್ಗೆ ಊರ ಮುಂದಿನ ಕಟ್ಟೆಯಲ್ಲಿ ಜನ ಸೇರಿದರು. ರುದ್ರಪ್ಪನ ಭುಜ ಊದಿತ್ತು. ಡಬ್ಬಿಗಳನ್ನೆಲ್ಲ ಕಿತ್ತು ಕುಳಿ ಮುಚ್ಚಿಸಬೇಕು, ಇವತ್ತು ಭುಜ, ನಾಳೆ ಯಾರದಾದರೂ ಕಣ್ಣು ಹೋದರೆ ಏನು ಗತಿ ಎಂದು ಅವನ ವಾದ. ವಾದದಲ್ಲಿ ತಪ್ಪಿರಲಿಲ್ಲ. ನಾನು ಕಟ್ಟೆಯ ಹಿಂದೆ ಹೆಂಗಸರ ಜೊತೆ ನಿಂತಿದ್ದೆ. ಅದಕ್ಕೂ ಮೊದಲು ಓಬಣ್ಣನ ಹತ್ತಿರ ಹೋಗಿ, ನಾನೇ ಹೇಳುತ್ತೇನೆ ಎಂದಿದ್ದೆ. "ಬ್ಯಾಡ ಬಿಡು ತಂಗಿ. ಅಷ್ಟು ಜನದ ಮುಂದೆ ನಿನ್ನ ಕೈಲಿ ಆಗಲ್ಲ. ಬಯಲು ಹೋದ್ರೆ ಹೋಗ್ಲಿ," ಎಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಆ ಮಾತು ನನಗೆ ಚುಚ್ಚಿತು. ಬಯಲು ಹೋದರೆ ನನ್ನ ಇಪ್ಪತ್ತು ಚೆಂಡೂ ಹೋಗುತ್ತವೆ. ದಿನದಲ್ಲಿ ನನ್ನದು ಅಂತ ಇದ್ದದ್ದು ಅಷ್ಟೇ.

ಕಾಲು ತಾನಾಗಿ ಮುಂದೆ ಹೋಯಿತು. ಕಟ್ಟೆಯ ಮುಂದೆ ನಿಂತೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನನ್ನನ್ನು ಯಾರೂ ನೋಡಲಿಲ್ಲ. ಓಬಣ್ಣ ನೋಡಿದ. ಮೊದಲು ತನ್ನ ನೆರಳು ನೋಡಿಕೊಂಡ. ಅದು ನನ್ನ ಕಾಲ ಮುಂದೆ ಬಿದ್ದಿತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಎರಡೂ ಕೈ ಮೇಲೆತ್ತಿದ.

ಮದುವೆಯ ಕಥೆ ಊರಿಗೆಲ್ಲ ಗೊತ್ತಿತ್ತು. ಯಾರೋ ನಕ್ಕರು, ಆಮೇಲೆ ಎಲ್ಲರೂ ಸುಮ್ಮನಾದರು.

"ಚೆಂಡು ನಂದು," ಎಂದೆ. "ಹೊಡ್ದೋಳು ನಾನು. ಓಬಣ್ಣ ಅಲ್ಲ. ಕೂಗ್ಬೇಕಿತ್ತು, ಕೂಗ್ಲಿಲ್ಲ. ತಪ್ಪು ನಂದೇ."

ರುದ್ರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀನಾ ಕರಿಯಮ್ಮ? ಆ ಜಾಲಿ ಗಿಡದಿಂದ ನನ್ನ ತನಕ?"

"ಹೂಂ."

"ಅಷ್ಟು ದೂರ?" ಎಂದು ಭುಜ ಮುಟ್ಟಿಕೊಂಡ. ಓಬಣ್ಣನ ಏಟು ಎಂದುಕೊಂಡಿದ್ದಾಗ ಇದ್ದ ಸಿಟ್ಟು ಈಗ ಅವನ ಮುಖದಲ್ಲಿ ಇರಲಿಲ್ಲ. "ಆತು. ಇನ್ಮೇಲೆ ಕೂಗ್ತೀಯ ಅಂತ ಹೆಂಗೆ ನಂಬೋದು? ಈಗ ಕೂಗಿ ತೋರ್ಸು. ಕೇಳಿದ್ರೆ ಬಯಲು ಇರ್ಲಿ, ಕೇಳ್ದಿದ್ರೆ ಮುಚ್ಚಾಣ."

ಕಣ್ಣು ಮುಚ್ಚಿದೆ. ಬಯಲನ್ನು ನೆನೆಸಿಕೊಂಡೆ.

"ತಲೇ...!"

ಎಲ್ಲಿತ್ತೋ ಆ ದನಿ. ಕಣ್ಣು ಬಿಟ್ಟರೆ ಓಬಣ್ಣ ತಲೆ ಮೇಲೆ ಕೈಯಿಟ್ಟು ಕುಕ್ಕರು ಕೂತಿದ್ದ. ಅವನ ಪಕ್ಕದಲ್ಲೇ ಮೆಂಬರ್ ರುದ್ರಪ್ಪನೂ ಭುಜ ಮುಚ್ಚಿಕೊಂಡು ಕೂತುಬಿಟ್ಟಿದ್ದ. ಮೊದಲು ನಕ್ಕವನು ಅವನೇ. ಕುಳಿಗಳು ಉಳಿದವು. ತೋಟಕ್ಕೆ ಹೋಗುವ ಕಾಲುದಾರಿಯಿಂದ ದೂರಕ್ಕೆ ಎರಡು ಕುಳಿಗಳನ್ನು ಓಬಣ್ಣನೇ ಬದಲಾಯಿಸಿದ.

ಆಮೇಲೆ ಎಷ್ಟೋ ದಿನ ಆಡಿದೆವು. ಕೊನೆಗೆ ಆ ಬಯಲನ್ನು ತಗೊಂಡದ್ದು ರುದ್ರಪ್ಪನಲ್ಲ, ನೀರು. ಒಂದು ವರ್ಷ ಚೆನ್ನಾಗಿ ಮಳೆ ಹುಯ್ದು ಹಿನ್ನೀರು ದಿನಕ್ಕೊಂದು ಕುಳಿ ನುಂಗುತ್ತ ಬಂತು. ಓಬಣ್ಣನೂ ನಾನೂ ದಡದಲ್ಲಿ ನಿಂತು ನೋಡುತ್ತಿದ್ದೆವು. ಕೊನೆಯ ಬಾವುಟ ಮುಳುಗಿದಾಗ ನನಗೆ ಅಳು ಬಂತು. ಓಬಣ್ಣ ಕೈ ಮುಗಿದ. "ಮೊದ್ಲಿಂದ ಅದರ ಜಾಗ ಕಣಮ್ಮ ತಂಗಿ. ಇಷ್ಟು ದಿನ ನಮಗೆ ಆಡಾಕೆ ಬಿಟ್ಟಿತ್ತು," ಎಂದ. ಊರಿಗೆ ನೀರು ಬಂದ ಸಂತೋಷದ ಮುಂದೆ ಆರು ಡಬ್ಬಿ ಯಾವ ಲೆಕ್ಕ, ನಾನೂ ಕಣ್ಣೊರೆಸಿಕೊಂಡೆ.

ಮಂಡಿ ಪೂರ್ತಿ ಸೋತ ಮೇಲೆ ಅವನು ಹೊಳಲ್ಕೆರೆಯಲ್ಲಿದ್ದ ತನ್ನ ಮಗಳ ಮನೆಗೆ ಹೊರಟ. ಹೊರಡುವ ಹಿಂದಿನ ದಿನ ಈ ಕೋಲು ತಂದುಕೊಟ್ಟ. ಬಸ್ಸಿನ ಹೊತ್ತಿಗೆ ಹೋಗಬೇಕೆಂದಿದ್ದೆ, ಎಮ್ಮೆ ಹಗ್ಗ ಕಿತ್ತುಕೊಂಡು ತಡವಾಯಿತು. ಓಡಿ ಹೋದಾಗ ಬಸ್ಸು ಬಂದು ನಿಂತಿತ್ತು. ಹತ್ತುವವರ ಗುಂಪಿನ ಕೊನೆಯಲ್ಲಿ, ಯಾರ ಮೇಲೂ ನೆರಳು ಬೀಳದ ಹಾಗೆ, ಟ್ರಂಕು ಇಟ್ಟುಕೊಂಡು ಓಬಣ್ಣ ನಿಂತಿದ್ದ. ನಾನಿನ್ನೂ ರಸ್ತೆಯ ಈಚೆ ತಿರುವಿನಲ್ಲಿದ್ದೆ. ಹೆಸರು ಹಿಡಿದು ಕೂಗಬಹುದಿತ್ತು. ಬಾಯಿಗೆ ಬಂದದ್ದು ಅದಲ್ಲ.

"ತಲೇ...!"

ಬಸ್‌ಸ್ಟ್ಯಾಂಡಿನ ಜನವೆಲ್ಲ ನನ್ನ ಕಡೆ ತಿರುಗಿದರು. ಓಬಣ್ಣ ತಿರುಗಲಿಲ್ಲ. ಅಷ್ಟು ನೋವಿನ ಮಂಡಿ ಮಡಚಿ, ಎರಡೂ ಕೈ ತಲೆಯ ಮೇಲಿಟ್ಟು, ಅಲ್ಲೇ ಧೂಳಿನಲ್ಲಿ ಕುಕ್ಕರು ಕೂತ. ಅವನ ಬೆನ್ನು ನಗುವಿನಲ್ಲಿ ಕುಲುಕುತ್ತಿದ್ದದ್ದು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು.