ಚೀಟಿಯಲ್ಲಿ ಬಂದ ಮನೆ

ಸೊರಬದಲ್ಲಿ ಆಟೋ ಓಡಿಸುವ ಮಾಲತೇಶನ ಹೆಂಡತಿ, ನರ್ಸ್ ಸುನಿತಾ, ಕೆಲಸದ ಜೊತೆಗೇ ಸಾರ್ವಜನಿಕ ಆರೋಗ್ಯದ ಪದವಿಗೆ ಸೇರಿ ಸಂಖ್ಯಾಶಾಸ್ತ್ರ ಕಲಿಯತೊಡಗಿದ ಮೇಲೆ ಆ ಮನೆಯಲ್ಲಿ ಯಾವ ಮಾತೂ ಸುಮ್ಮನೆ ದಾಟಿಹೋಗುವಂತಿಲ್ಲ. "ಊರಿಗೆಲ್ಲ ಶುಗರ್ ಬಂದೈತೆ" ಎಂದು ಅತ್ತೆ ನಿಟ್ಟುಸಿರಿಟ್ಟರೆ, "ಎಷ್ಟು ಜನರನ್ನ ಕೇಳಿದ್ರಿ ಅತ್ತೆ?" ಎನ್ನುತ್ತಾಳೆ. ಕಷಾಯ ಕುಡಿದದ್ದಕ್ಕೇ ನೆಗಡಿ ಬಿಟ್ಟಿತೆಂದು ಗಂಡ ಬೀಗಿದರೆ, "ಕುಡೀದಿದ್ರೂ ಬಿಡ್ತಿತ್ತೇನೋ ರೀ" ಎಂದು ನಗುತ್ತಾಳೆ. ಶಿರಾಳಕೊಪ್ಪದ ಸಂತೆಯಲ್ಲಿ ಚೀಲದ ಮೇಲಿನ ಶೇಂಗಾ ಬಿಟ್ಟು ತಳಕ್ಕೆ ಕೈ ಹಾಕುತ್ತಾಳೆ. ಸಾರಿನ ಉಪ್ಪು ನೋಡುವ ಮೊದಲು ಪಾತ್ರೆಯನ್ನೆಲ್ಲ ಕದಡುತ್ತಾಳೆ. ಬಿಪಿ ಸಮೀಕ್ಷೆಗೆಂದು ಅವಳು ಚೀಟಿ ಎತ್ತಿ ಮನೆಗಳನ್ನು ಆರಿಸಿದಾಗ, ಚಂದ್ರಗುತ್ತಿಯ ಗುಡ್ಡದಂಚಿನ ಹುಲಿಯಮ್ಮನ ಮನೆಯೂ ಬಂತು. ಹೋದಾಗಲೆಲ್ಲ ಬೀಗ, ಹುಲಿಯಮ್ಮ ಕೂಲಿಗೆ ಹೋಗಿರುತ್ತಿದ್ದಳು. "ಪಕ್ಕದ ಮನೆಯೋರದ್ದೇ ಬರ್ಕೊ, ಯಾರಿಗೆ ಗೊತ್ತಾಗತ್ತೆ?" ಎಂದ ಮಾಲತೇಶ. "ಮನೇಲಿ ಸಿಗೋರನ್ನಷ್ಟೇ ನೋಡಿದ್ರೆ, ದುಡಿಯಕ್ಕೆ ಹೋದೋರ ಕಾಯಿಲೆ ಲೆಕ್ಕಕ್ಕೇ ಬರಲ್ಲ ರೀ" ಎಂದಳು ಸುನಿತಾ. ಮರುದಿನ ಬೆಳಕು ಹರಿಯುವ ಮೊದಲೇ ಅವನು ತಾನಾಗಿ ಆಟೋ ತೆಗೆದ. ಹುಲಿಯಮ್ಮ ಬುತ್ತಿ ಕಟ್ಟುತ್ತಿದ್ದಳು. ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತ, "ನನ್ನ ತನಕ ಯಾರೂ ಬಂದಿರ್ಲಿಲ್ಲ ಕಣವ್ವ" ಎಂದಳು. ಬಿಪಿ ಗಾಬರಿಯಾಗುವಷ್ಟು ಏರಿತ್ತು. ಅಂದು ಅವಳನ್ನು ಕೂಲಿಗೆ ಬಿಡದೆ, ಅದೇ ಆಟೋದಲ್ಲಿ ಆಸ್ಪತ್ರೆಗೆ ಕರೆತಂದರು. "ನೀವು ಇವರಿಗೆ ಏನಾಗ್ಬೇಕು?" ಎಂದು ಅಲ್ಲಿ ಯಾರೋ ಕೇಳಿದಾಗ, ಮಾಲತೇಶ ಎದೆಯುಬ್ಬಿಸಿ ನಿಂತ: "ಇವರನ್ನ ಬಿಡದೆ ಹುಡುಕಿದ್ರಲ್ಲ, ಆ ಮೇಡಂ ಗಂಡ ರೀ ನಾನು."