ಅತ್ತಿಗೆ ಕೇಳಿದ ನಕಲು

ನಮ್ಮತ್ತಿಗೆ ಇಸ್ತ್ರಿ ಮಾಡಿ ಬದುಕಿದವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗೋಡೆಗೆ ಒತ್ತಿಕೊಂಡ ಒಂದು ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ತಲೆಯ ಮೇಲೆ ಗಾಳಿ ಬಂದರೆ ಬಡಿದುಕೊಳ್ಳುವ ತಗಡು, ಕೈಯಲ್ಲಿ ಕೆಂಡ ತುಂಬಿದ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಎಳೆದರೆ ನನಗೇ ಭುಜ ಬಿದ್ದುಹೋಗುತ್ತದೆ. ಅವಳು ಬೆಳಗಿನಿಂದ ಸಂಜೆಯವರೆಗೂ ಎಳೆಯುತ್ತಿದ್ದಳು, ಜೊತೆಗೆ ಬಾಯಿಯನ್ನೂ ಓಡಿಸುತ್ತಿದ್ದಳು. "ಏನಮ್ಮಾ, ಕಾಲರ್ ಸುಟ್ಟುಬಿಟ್ಟಿದೀಯಲ್ಲ" ಅಂತ ಯಾರಾದರೂ ಜಗಳಕ್ಕೆ ಬಂದರೆ, "ನಿಮ್ಮ ಕುತ್ತಿಗೆ ಅದರೊಳಗಿರ್ಲಿಲ್ಲ ಅಂತ ಖುಷಿಪಡಿ ಸಾರ್" ಅನ್ನುತ್ತಿದ್ದಳು.

ಅವಳು ಮದುವೆಯಾಗಿ ಮನೆಗೆ ಬಂದಾಗ ನನಗಿನ್ನೂ ಚಡ್ಡಿಯ ವಯಸ್ಸು. ಅನ್ನ ಹಾಕಿದ್ದೂ ಅವಳೇ, ಶಾಲೆ ಬಿಟ್ಟೆ ಅಂದಾಗ ಸೌದೆಯಲ್ಲಿ ಬಾರಿಸಿದ್ದೂ ಅವಳೇ. ಹಾಗಾಗಿ ಇವತ್ತಿಗೂ ಅವಳನ್ನು ಅಮ್ಮನ ಹಾಗೆ ನೀನು ಅಂತಲೇ ಕರೆಯುತ್ತೇನೆ. ಸೌದೆ ಏಟು ಉಪಯೋಗಕ್ಕೆ ಬರಲಿಲ್ಲ. ನಾನು ಲಾರಿ ಬಾಡಿ ಕಟ್ಟುವ ಗ್ಯಾರೇಜು ಸೇರಿ ವೆಲ್ಡಿಂಗ್ ಕಲಿತೆ.

ಅಣ್ಣ ಗೋದಾಮಿನಲ್ಲಿ ಹಮಾಲಿ. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಆಳು. ಮಾತು ಕಡಿಮೆ, ಸಂಜೆ ಒಂದಿಷ್ಟು ಕುಡಿಯುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಆದರೆ ಕುಡಿದಾಗಲೂ ಯಾರ ಮೇಲೂ ಕೈ ಮಾಡಿದವನಲ್ಲ.

ಗೋದಾಮಿನ ಹಮಾಲಿಗಳಲ್ಲಿ ಒಬ್ಬ ಮುದುಕನಿದ್ದ, ಎಲ್ಲರೂ ಅವನನ್ನು ಕೆಮ್ಮು ತಾತ ಅನ್ನುತ್ತಿದ್ದರು. ಒಂದು ದಿನ ಅವನ ಬೆನ್ನಿನಿಂದ ಮೂಟೆ ಜಾರಿ ಬಿದ್ದು ಒಡೆಯಿತು. ಮೇಸ್ತ್ರಿ ಬಂದವನೇ ತಾತನ ಕಪಾಳಕ್ಕೆ ಬಾರಿಸಿದ. ಇನ್ನೊಂದು ಏಟಿಗೆ ಕೈ ಎತ್ತಿದಾಗ ನಮ್ಮಣ್ಣ ಆ ಕೈ ಹಿಡಿದುಕೊಂಡ. ಹೊಡೆಯಲಿಲ್ಲ, ಹಿಡಿದ ಅಷ್ಟೇ. ಎಲ್ಲರೆದುರು ಮೇಸ್ತ್ರಿ ಮೊಣಕಾಲೂರಿ ಕೂರುವ ತನಕ ಬಿಡಲಿಲ್ಲ.

ಅದೇ ಸಂಜೆ ಗೋದಾಮಿನ ಹಿಂದೆ, ಲಾರಿಗಳ ಸಂದಿಯಲ್ಲಿ, ಮೇಸ್ತ್ರಿ ಮತ್ತು ಅವನ ಆಳುಗಳು ಅಣ್ಣನನ್ನು ಸುತ್ತುಗಟ್ಟಿದರು. ಕೈಯಲ್ಲಿ ರಾಡು, ಮೂಟೆ ಎಳೆಯುವ ಕೊಕ್ಕೆ. ಕೆಳಗೆ ಬಿದ್ದ ಮೇಲೂ ಬಿಡಲಿಲ್ಲ. ಹಮಾಲಿಗಳು ಎತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡುವಷ್ಟರಲ್ಲಿ ಅಣ್ಣ ಇರಲಿಲ್ಲ.

ಹೆಣಕ್ಕೆ ನೀರು ಹಾಕಿದ್ದು ನಾನು ಮತ್ತು ಅತ್ತಿಗೆ. ತಲೆಯ ಹಿಂದೆ ಕೈಯಿಟ್ಟರೆ ಮೂಳೆ ಒಳಗೆ ಹೋಗುತ್ತಿತ್ತು. ಬೆನ್ನಿನ ತುಂಬಾ ತೂತು. ಅತ್ತಿಗೆ ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಅಳಲಿಲ್ಲ. ಪೊಲೀಸರು ಮಾತ್ರ ಬರೆದುಕೊಂಡರು: ಕುಡಿದು ಲಾರಿಯ ಮೇಲಿಂದ ಬಿದ್ದು ಸತ್ತ. ಲಾರಿಯಿಂದ ಬಿದ್ದವನ ಬೆನ್ನಿಗೆ ಕೊಕ್ಕೆ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಸ್ಟೇಷನ್ನಿನವನು, "ಡಾಕ್ಟ್ರು ಏನಯ್ಯಾ ನೀನು?" ಅಂದ.

ನಾನು ಗ್ಯಾರೇಜಿಗೆ ಹೋಗಿ ಕಬ್ಬಿಣದ ಪೈಪು ತಂದೆ. ಮೇಸ್ತ್ರಿಯ ತಲೆ ಸೀಳಿಯೇ ಬರುವುದು ಅಂತ ಹೊರಟಾಗ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು ನನ್ನ ಕೆನ್ನೆಗೊಂದು ಬಿಟ್ಟಳು. ಕಿವಿ ಗುಯ್ ಅಂದಿತು.

"ಒಬ್ಬರನ್ನು ಮಣ್ಣು ಮಾಡಿ ಬಂದಿದೀನಿ. ನಿನ್ನನ್ನ ಜೈಲಿಗೆ ಕಳಿಸಿ, ನಿಮ್ಮಿಬ್ಬರ ಅಂಗಿ ಇಸ್ತ್ರಿ ಮಾಡಿ ಮೊಳೆಗೆ ನೇತುಹಾಕಿ ನೋಡ್ತಾ ಕೂರ್ಲಾ ನಾನು? ಅವರು ಬಿದ್ದು ಸತ್ತಿಲ್ಲ, ಹೊಡೆದು ಸಾಯಿಸಿದ್ರು ಅಂತ ಆ ಬರೆದೋರ ಕೈಯಿಂದಲೇ ಬರೆಸ್ತೀನಿ. ಪೈಪು ಕೆಳಗಿಡು."

ಇಟ್ಟೆ. ಇಡದೆ ಏನು ಮಾಡಲಿ.

ಕೋರ್ಟಿನ ಗುಮಾಸ್ತ ಒಬ್ಬ ಒಳ್ಳೆಯವನು, ಬಿಡಿಸಿ ಹೇಳಿದ. ಕೇಸು ಮುಚ್ಚಿ ಅಂತ ಪೊಲೀಸರು ವರದಿ ಕೊಟ್ಟಿದ್ದಾರೆ, ಅದರ ಜೊತೆ ಪೋಸ್ಟ್‌ಮಾರ್ಟಂ ರಿಪೋರ್ಟಿನ ಕೊನೆಯ ಹಾಳೆ ಮಾತ್ರ ಇದೆ, "ತಲೆಗೆ ಪೆಟ್ಟಾಗಿ ಸಾವು" ಅಂತ. ಯಾವ ಯಾವ ಗಾಯ, ಎಲ್ಲೆಲ್ಲಿ, ಅನ್ನುವ ಹಾಳೆಗಳೇ ಇಲ್ಲ. ಮುಂದಿನ ವಾಯಿದೆಯೊಳಗೆ ಪೂರ್ತಿ ರಿಪೋರ್ಟಿನ ಸೀಲು ಹಾಕಿದ ನಕಲು ತಂದು ತಕರಾರು ಹಾಕಿದರೆ ಉಂಟು, ಇಲ್ಲದಿದ್ದರೆ ಕೇಸು ಮುಗೀತು.

ಅತ್ತಿಗೆ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟಳು. ಆ ಹೆಸರಿನಲ್ಲಿ ದಾಖಲೆ ಇಲ್ಲ ಅಂದರು. ಸ್ಟೇಷನ್ನಿನಲ್ಲಿ ಕೇಳಿದಳು, ನಕಲು ಕೊಡೋದು ಆಸ್ಪತ್ರೆ ಕೆಲಸ ಅಂದರು. ಜಿಲ್ಲಾ ಕಚೇರಿಗೆ ಬರೆದಳು, "ಸದರಿ ಹೆಸರಿನ ದಾಖಲೆ ಲಭ್ಯವಿರುವುದಿಲ್ಲ" ಅಂತ ಒಂದು ಸಾಲು ಬಂತು. ರಾಜಧಾನಿಯ ಕಚೇರಿಗೆ ರಾತ್ರಿ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದಳು. ಅಲ್ಲಿಯವರು ಅದನ್ನು ಜಿಲ್ಲೆಗೆ ಕಳಿಸಿದರು, ಜಿಲ್ಲೆಯವರು ಆಸ್ಪತ್ರೆಗೆ ಕಳಿಸಿದರು. ಇಡೀ ರಾಜ್ಯ ಸುತ್ತಿದ ಅರ್ಜಿ ಮತ್ತೆ ಅದೇ ಕಿಟಕಿಗೆ ಬಂದು ಬಿತ್ತು.

ಆ ಕಿಟಕಿಗೆ ಸರಳು, ಸರಳಿನ ನಡುವೆ ಕೈ ತೂರುವಷ್ಟು ಸಂದು. ಒಳಗೆ ಚಾವಣಿಯ ತನಕ ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಅವುಗಳ ಮಧ್ಯೆ ತೆಳ್ಳಗಿನ ಒಬ್ಬ ಗುಮಾಸ್ತ.

"ಇಲ್ಲಮ್ಮ. ನಿಜವಾಗ್ಲೂ ಹುಡುಕಿದೆ. ಆ ಹೆಸರಲ್ಲಿ ಇಲ್ಲ" ಅಂದ.

"ಸತ್ತವನು ನಿಮ್ಮ ಮೇಜಿನ ಮೇಲೆ ಮಲಗಿದ್ದ. ನಾನೇ ಕಣ್ಣಾರೆ ನೋಡಿದೀನಿ" ಅಂದೆ ನಾನು.

"ಮಲಗಿರಬಹುದು. ರಿಜಿಸ್ಟರಲ್ಲಿ ಇಲ್ಲ."

ಸಂದಿನಲ್ಲಿ ಕೈ ತೂರಿ ಅವನ ಕಾಲರ್ ಹಿಡಿದು ಎಳೆದೆ. ಹಣೆ ಸರಳಿಗೆ ಹೊಡೆಯಿತು, ಚರ್ಮ ಬಿರಿದು ರಕ್ತ ಮೂಗಿನ ಮೇಲೆ ಇಳಿಯಿತು. "ಎಷ್ಟು ತಿಂದಿದೀಯೋ ಅವರ ಹತ್ರ?" ಅಂತ ಕೂಗಿದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು, "ಹೊಡೀರಿ ಬೇಕಾದ್ರೆ. ಆ ಹೆಸರಲ್ಲಿ ಇಲ್ಲ" ಅಂದ. ಅಷ್ಟರಲ್ಲಿ ಕಾವಲಿನವರು ಬಂದು ನನ್ನನ್ನು ನೆಲಕ್ಕೆ ಕೆಡವಿ ಬೂಟುಗಾಲಲ್ಲಿ ಪಕ್ಕೆಗೆ ಒದ್ದರು. ಸಂಜೆಯ ತನಕ ಲಾಕಪ್ಪು.

ಅತ್ತಿಗೆ ಗುಮಾಸ್ತನ ಕಾಲು ಹಿಡಿಯುವುದೊಂದು ಬಾಕಿ, ಬೇಡಿಕೊಂಡು ನನ್ನನ್ನು ಬಿಡಿಸಿ ತಂದಳು. ದಾರಿಯುದ್ದಕ್ಕೂ ಬೈದಳು. "ನಿನಗೆ ಬೇಡಿ ಅಲ್ಲ, ಮೂಗುದಾರ ಹಾಕ್ಬೇಕು. ಎತ್ತಾದ್ರೂ ಹೇಳಿದ ಮಾತು ಕೇಳುತ್ತೆ." ಮನೆ ಹತ್ತಿರ ಬಂದಾಗ ಬೈಯುವುದನ್ನು ನಿಲ್ಲಿಸಿ ಮೆಲ್ಲಗೆ ಅಂದಳು: "ಅವನು ಸುಳ್ಳು ಹೇಳ್ತಿಲ್ಲ ಕಣೋ. ಏಟು ತಿಂದ ಮೇಲೂ ಅದೇ ಮಾತು ಹೇಳ್ದ. ಅಲ್ಲಿ ಇಲ್ಲ ಅಂದ್ರೆ ಇಲ್ಲ. ಎಲ್ಲಿದೆ ಹಾಗಾದ್ರೆ?"

ಅವಳು ಅರ್ಜಿ ಹಿಡಿದು ಓಡಾಡುತ್ತಿರುವುದು ಮೇಸ್ತ್ರಿಗೆ ಗೊತ್ತಾಗದೆ ಇರುತ್ತದೆಯೇ. ಅವನ ಆಳುಗಳಲ್ಲಿ ಇಬ್ಬರು ಬೀದಿಗೆ ಬಂದರು. ಒಬ್ಬ ಒಗೆದ ಬಟ್ಟೆಯ ಗಂಟನ್ನು ಚರಂಡಿಗೆ ಒದ್ದ. ಇನ್ನೊಬ್ಬ, ಕತ್ತಿನಲ್ಲಿ ಕರವಸ್ತ್ರ ಕಟ್ಟಿಕೊಂಡವನು, ಅತ್ತಿಗೆಯ ಮೇಜಿನ ಮೇಲೆ ಅಂಗೈ ಊರಿ ಬಗ್ಗಿದ.

"ಏನಕ್ಕಾ, ಕಾಗದ ಕೇಳ್ತಿದೀಯಂತೆ? ಗಂಡನ ಕಾಗದ ಸಿಕ್ಕಿದ ಮೇಲೆ ಮೈದುನಂದೂ ಕೇಳ್ಬೇಕಾಗುತ್ತೆ. ಎರಡೂ ಒಟ್ಟಿಗೆ ಅರ್ಜಿ ಹಾಕ್ಬಿಡು."

ಅತ್ತಿಗೆ ಕೈಯಲ್ಲಿದ್ದ ಪೆಟ್ಟಿಗೆಯನ್ನು ಎತ್ತಿ ಅವನ ಕೈಯ ಬೆನ್ನಿನ ಮೇಲೆ ಇಟ್ಟು, ಮೈ ಭಾರ ಬಿಟ್ಟು ಒತ್ತಿದಳು. ಅವನು ಕಿರುಚಿದ ಶಬ್ದಕ್ಕೆ ಬಸ್ ನಿಲ್ದಾಣದ ಜನ ಎದ್ದು ನಿಂತರಂತೆ. ಕೈ ಕಿತ್ತುಕೊಂಡಾಗ ಚರ್ಮ ಪೆಟ್ಟಿಗೆಗೇ ಅಂಟಿಕೊಂಡಿತ್ತು. ಜೊತೆಯವನು ಅವಳ ಜಡೆ ಹಿಡಿದು ಗೋಡೆಗೆ ತಲೆ ಬಡಿದು, ಮೇಜು ಉರುಳಿಸಿ ಓಡಿದ. ಕೆಂಡ ರಸ್ತೆಯ ತುಂಬಾ ಚೆಲ್ಲಿತು, ಯಾರದೋ ಬಿಳಿ ಅಂಗಿಗಳು ಹೊತ್ತಿಕೊಂಡವು.

ನಾನು ಗ್ಯಾರೇಜಿನಿಂದ ಓಡಿ ಬಂದಾಗ ಅವಳು ನೆಲದಲ್ಲಿ ಕೂತಿದ್ದಳು, ಕೂದಲಲ್ಲೆಲ್ಲಾ ರಕ್ತ. ಕೆಮ್ಮು ತಾತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೆಂಡದಿಂದ ಬಟ್ಟೆ ಹೆಕ್ಕುತ್ತಿದ್ದ. ಅಣ್ಣ ಸತ್ತ ಮೇಲೆ ಅವನು ನಮ್ಮ ಕಡೆ ಮುಖ ಹಾಕಿರಲಿಲ್ಲ.

"ನಮ್ಮ ಆನೆ ಹೆಂಡ್ತಿ ಅಂದ್ರೆ ಹೀಗಿರ್ಬೇಕು" ಅಂದ ತಾತ, ಕೆಮ್ಮುತ್ತಾ.

ಗೋದಾಮಿನಲ್ಲಿ ಅಣ್ಣನನ್ನು ಆನೆ ಅಂತ ಕರೆಯುತ್ತಿದ್ದುದು ನಮಗೂ ಗೊತ್ತಿತ್ತು. ಮನೆಯಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ, ಅಷ್ಟೇ. ಅತ್ತಿಗೆ ತಲೆಗೆ ಒತ್ತಿಕೊಂಡಿದ್ದ ಸೆರಗು ಬಿಟ್ಟಳು.

"ತಾತಾ, ಅವತ್ತು ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದು ನೀವೇ ತಾನೇ? ಹೆಸರು ಏನಂತ ಬರೆಸಿದ್ರಿ?"

"ಏನಂತ ಬರೆಸ್ಲಿ? ಕೇಳಿದ್ರು, ಆನೆ ಅಂದೆ. ವಿಳಾಸ ಕೇಳಿದ್ರು, ಗೋದಾಮು ಅಂದೆ."

"ಅವರ ಹೆಸರು ಗೊತ್ತಿರ್ಲಿಲ್ವಾ ನಿಮಗೆ?"

"ಅಷ್ಟು ವರ್ಷ ಒಂದೇ ತಟ್ಟೇಲಿ ಉಂಡಿದೀವಿ ತಾಯಿ. ಅದರ ಮೇಲೆ ಹೆಸರು ಯಾರು ಕೇಳ್ತಾರೆ?"

ಸ್ಟೇಷನ್ನಿನವನಿಗೆ ಇದು ಗೊತ್ತಿತ್ತು, ಕೋರ್ಟಿಗೆ ಕೊಟ್ಟ ಕೊನೆಯ ಹಾಳೆಯನ್ನು ಅವನು ತಂದದ್ದೇ ಆ ಹೆಸರಿನ ಕಟ್ಟಿನಿಂದ. ಗೊತ್ತಿದ್ದೇ ಬಾಯಿ ಮುಚ್ಚಿಕೊಂಡು ನಮ್ಮನ್ನು ಊರೂರು ಅಲೆಸಿದ. ಅವನ ಹಲ್ಲು ಇನ್ನೂ ಬಾಯಲ್ಲೇ ಇದೆಯಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿ.

ತಲೆಗೆ ಬಟ್ಟೆ ಕಟ್ಟಿಕೊಂಡೇ ಅತ್ತಿಗೆ ನನ್ನನ್ನೂ ಕರೆದುಕೊಂಡು ಕಿಟಕಿಗೆ ಹೋದಳು. ಹಣೆಗೆ ಪಟ್ಟಿ ಹಾಕಿಕೊಂಡಿದ್ದ ಗುಮಾಸ್ತ ನನ್ನನ್ನು ಕಂಡು ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಆದರೆ ಎದ್ದು ಹೋಗಿ ಹುಡುಕಿದ. ಸಿಕ್ಕಿತು. ಆನೆ, ಗಂಡಸು, ಗೋದಾಮು. ಕೊಡುವಂತಿಲ್ಲ ಮಾತ್ರ: ಆ ಆನೆಯೇ ಇವಳ ಗಂಡ ಅಂತ ಆಸ್ಪತ್ರೆಗೆ ತಂದವರಲ್ಲಿ ಇಬ್ಬರು ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ವಾಯಿದೆ ಸೋಮವಾರ. ಅವತ್ತು ಆಗಲೇ ಶುಕ್ರವಾರ.

ನೋಟರಿಯ ಹತ್ತಿರ ಟೈಪು ಮಾಡಿಸಿದ ಹಾಳೆ ಹಿಡಿದು, ಊಟದ ಹೊತ್ತಿಗೆ ಗೋದಾಮಿನ ಹಮಾಲಿಗಳ ಶೆಡ್ಡಿಗೆ ಹೋದೆವು. ಅವಳು ಅವರಿಗೆ ಹಾಳೆ ತೋರಿಸಿ ಹೇಳಿದಳು. ಎಲ್ಲರೂ ನೆಲ ನೋಡುತ್ತಾ ಕೂತರು. ತಾತ ಕೆಮ್ಮಿದ, ಅಷ್ಟೇ.

"ಯಾರು ಕೊಂದ್ರು ಅಂತ ಬರೆದಿಲ್ಲ ಇದರಲ್ಲಿ. ಆನೆ ಅಂದ್ರೆ ನನ್ನ ಗಂಡ, ಅಷ್ಟೇ ಬರೆದಿರೋದು. ಅಷ್ಟು ಹೇಳೋಕೂ ಆಗಲ್ವಾ ನಿಮಗೆ?"

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಕೈಯಲ್ಲಿ ಕೊಕ್ಕೆ. "ಹಾಕ್ರೋ ಸಹಿ, ನೋಡ್ತೀನಿ" ಅಂದವನೇ ಒಳಗೆ ನುಗ್ಗಿ ಕೊಕ್ಕೆಯ ಹಿಡಿಯಿಂದ ಅತ್ತಿಗೆಯ ಬಾಯಿಗೆ ಬೀಸಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅವಳು ಬೀಳಲಿಲ್ಲ. ರಕ್ತ ಹಾಳೆಯ ಮೇಲೆ ಬೀಳಬಾರದು ಅಂತ ಹಾಳೆಯನ್ನು ಮೇಲೆತ್ತಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಉಗಿದಳು.

ನಾನು ಮೇಸ್ತ್ರಿಯ ಸೊಂಟಕ್ಕೆ ಹಾರಿದೆ. ಇಬ್ಬರೂ ಮೂಟೆಗಳ ಮೇಲೆ ಬಿದ್ದೆವು. ಅವನ ಕೊಕ್ಕೆ ನನ್ನ ಭುಜದೊಳಗೆ ಹೋಗಿ ಎಲುಬಿಗೆ ತಾಗಿ ನಿಂತಿತು, ನನ್ನ ಹೆಬ್ಬೆರಳು ಅವನ ಕಣ್ಣು ಹುಡುಕುತ್ತಿತ್ತು. ಇನ್ನೊಂದು ಕ್ಷಣ ಸಿಕ್ಕಿದ್ದರೆ ಒಂದು ಕಣ್ಣಾದರೂ ಹೋಗುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಮೇಸ್ತ್ರಿಯ ಕೈ ಹಿಡಿದು ತಿರುಚಿದರು. ನೋಡಿದರೆ ಕೆಮ್ಮು ತಾತ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ, ಇಡೀ ಶೆಡ್ಡು. ಮೂಟೆ ಹೊತ್ತ ಕಾಲುಗಳು ಅವು, ಒದ್ದರೆ ಹೇಗಿರುತ್ತದೆ ಅಂತ ಮೇಸ್ತ್ರಿಗೆ ಅವತ್ತು ಗೊತ್ತಾಯಿತು.

"ಸಾಯಿಸ್ಬೇಡ್ರೋ!" ಅಂತ ಅತ್ತಿಗೆ ಬಾಯಿ ತುಂಬಾ ರಕ್ತ ಇಟ್ಟುಕೊಂಡು ಕೂಗಿದಳು. "ಅವನು ಕೋರ್ಟಿಗೆ ಬೇಕು!"

ಮೇಸ್ತ್ರಿ ತೆವಳಿಕೊಂಡು ಹೊರಗೆ ಹೋದ. ನಾವು ಮೆರವಣಿಗೆಯ ಹಾಗೆ ನೋಟರಿಯ ಕೋಣೆಗೆ ನಡೆದೆವು. ನೋಟರಿ ಗಾಬರಿಯಾಗಿ ಎದ್ದು ನಿಂತ. "ಇಬ್ಬರು ಸಾಕು ಕಣ್ರಪ್ಪಾ, ಇಷ್ಟೊಂದು ಜನ ಯಾಕೆ?"

"ಎತ್ಕೊಂಡು ಹೋದೋರು ಇಬ್ಬರಲ್ಲ ಸಾರ್" ಅಂದ ತಾತ. "ಅವನನ್ನ ಇಬ್ಬರಿಂದ ಎತ್ತೋಕಾಗುತ್ತಾ?" ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು, ಸಹಿ ಬಂದವರು ಸಹಿ ಹಾಕಿದರು.

ನಕಲು ಶನಿವಾರ ಕೈಗೆ ಬಂತು. ಸೋಮವಾರ ಕೋರ್ಟಿನಲ್ಲಿ ನಮ್ಮ ಕಡೆಯ ವಕೀಲರು ಅದನ್ನು ಗಟ್ಟಿಯಾಗಿ ಓದಿದರು. ತಲೆಬುರುಡೆಯ ಹಿಂಭಾಗ ಒಡೆದಿದೆ. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದೆ. ಬೆನ್ನಿನಲ್ಲಿ ಬಾಗಿದ, ಮೊನಚಾದ ಆಯುಧದ ಆಳವಾದ ಗಾಯಗಳು. ಅತ್ತಿಗೆ ಊದಿದ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು. ಇದೆಲ್ಲ ಅವಳು ಕೈಯಾರೆ ಒರೆಸಿದ್ದೇ. ಎರಡೂ ಮುಂಗೈಗಳಲ್ಲಿ ಏಟು ತಡೆಯುವಾಗ ಆದ ಮೂಳೆ ಮುರಿತ ಅಂತ ವಕೀಲರು ಓದಿದಾಗ ಮಾತ್ರ ನನ್ನ ಕೈ ಹಿಡಿದುಕೊಂಡಳು.

"ತಡೆದಿದ್ದಾರಾ?" ಅಂದಳು.

"ತಡೆದಿದ್ದಾನೆ ಅತ್ತಿಗೆ."

"ಕುಡಿದು ಬಿದ್ದಿದ್ದೋರನ್ನ ಹೊಡೆದ್ರೋ ಏನೋ, ಗೊತ್ತೇ ಆಗದೆ ಹೋದ್ರೋ ಏನೋ ಅಂದ್ಕೊಂಡಿದ್ದೆ." ಅಷ್ಟು ದಿನ ಬಾರದ ಅಳು ಅಲ್ಲಿ ಬಂತು, ಕೋರ್ಟಿನ ಪೇದೆ ಶ್ ಅಂದರೂ ನಿಲ್ಲಲಿಲ್ಲ.

ಕೇಸು ಮುಚ್ಚುವ ವರದಿಯನ್ನು ನ್ಯಾಯಾಧೀಶರು ತಳ್ಳಿಹಾಕಿ, ಕೊಲೆ ಅಂತ ದಾಖಲಿಸಿ ಅಂದರು. ಮೇಸ್ತ್ರಿಯನ್ನು ಆ ವಾರವೇ ಒಳಗೆ ಹಾಕಿದರು, ಕೈ ಸುಟ್ಟವನನ್ನೂ. ವಿಚಾರಣೆ ಇನ್ನೂ ನಡೆಯುತ್ತಿದೆ.

ಕೋರ್ಟಿನಿಂದ ಹೊರಗೆ ಬಂದವಳು ಮನೆಯ ದಾರಿ ಹಿಡಿಯಲಿಲ್ಲ. ಸೀದಾ ರೆಕಾರ್ಡ್ ರೂಮಿನ ಕಿಟಕಿಗೆ ಹೋಗಿ ಇನ್ನೊಂದು ಅರ್ಜಿ ಒಳಗೆ ಸರಿಸಿದಳು.

"ಮೊನ್ನೆ ತಾನೇ ಕೊಟ್ಟೆನಲ್ಲಮ್ಮಾ" ಅಂದ ಗುಮಾಸ್ತ.

"ಅದು ಕೋರ್ಟಿಗೆ ಹೋಯ್ತು ಸಾರ್. ಇದು ಮನೆಗೆ."